ಸೊನ್ನೆಯಿಂದ ನೂರರವರೆಗೆ: ಅಸ್ಥಿಮಜ್ಜೆ ಕಸಿಯ ದಿನಗಳಲ್ಲಿ ಧೈರ್ಯ, ಆಸರೆ

ಅಸ್ಥಿಮಜ್ಜೆ ಕಸಿಯ ವಾರ್ಡಿನಲ್ಲಿ ತಾರೀಖನ್ನು ಯಾರೂ ಕೇಳುವುದಿಲ್ಲ, ದಿನ ಎಷ್ಟು ಎಂದು ಕೇಳುತ್ತಾರೆ. ಸ್ಟೆಮ್ ಸೆಲ್, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶ, ಮೈಯೊಳಗೆ ಹೋಗುವ ದಿನ ಸೊನ್ನೆ. ಅದಕ್ಕೂ ಮುಂಚಿನ ಕೀಮೋ ದಿನಗಳು ಮೈನಸ್ 7, ಮೈನಸ್ 6 ಎಂದು ಇಳಿಯುತ್ತವೆ. ಆಮೇಲಿನವು ಪ್ಲಸ್ 1, ಪ್ಲಸ್ 2 ಎಂದು ಏರುತ್ತವೆ. ಧೈರ್ಯವನ್ನೂ ಹೀಗೇ ದಿನದ ಲೆಕ್ಕದಲ್ಲಿ ಹಿಡಿದುಕೊಳ್ಳಿ. ಪೂರ್ತಿ ಗುಣವಾಗುವುದು ಯಾವಾಗ ಎಂದು ಮೊದಲ ವಾರದಲ್ಲಿ ಯಾವ ಡಾಕ್ಟರೂ ಹೇಳಲಾರರು. ಈ ವಾರ ಏನಾಗಬಹುದು, ಅದಕ್ಕೆ ಏನು ಮಾಡಬೇಕು ಎಂದು ಕೇಳಿ ನೋಡಿ, ಖಚಿತವಾಗಿ ಹೇಳುತ್ತಾರೆ.

ಆಸ್ಪತ್ರೆ ಸೇರುವ ಮುಂಚೆ

ಜೊತೆಗಿರುವವರು ಒಬ್ಬರಿದ್ದರೆ ಸಾಲದು, ಇಬ್ಬರು ಬೇಕು. ದಾನಿಯ ಕೋಶದ ಕಸಿಯಾದರೆ ಮೊದಲ 100 ದಿನ ಹಗಲೂ ರಾತ್ರಿ ಯಾರಾದರೂ ಹತ್ತಿರವಿರಬೇಕು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ರೋಗಿಯದೇ ಕೋಶವಾದರೆ ಅವಧಿ ಕಡಿಮೆ. ನೋಡಿಕೊಳ್ಳುವವರಿಗೇ ನೆಗಡಿ ಬಂದರೆ ಅವರು ಹತ್ತಿರ ಸುಳಿಯುವಂತಿಲ್ಲ. ಆದ್ದರಿಂದ ಮಾತ್ರೆ ಕೊಡುವುದು, ಎದೆಯ ಲೈನ್ (ಔಷಧ ಕೊಡಲು ಹಾಕಿದ ನಳಿಕೆ) ಒದ್ದೆಯಾಗದಂತೆ ನೋಡಿಕೊಳ್ಳುವುದು ಇಬ್ಬರಿಗೂ ಗೊತ್ತಿರಲಿ.

'ಏನಾದರೂ ಬೇಕಿದ್ದರೆ ಹೇಳಿ' ಎನ್ನುವವರಿಗೆ ಆಗಲೇ ಕೆಲಸ ಹೇಳಿಬಿಡಿ: ಮಂಗಳವಾರ ಕ್ಲಿನಿಕ್ಕಿಗೆ ಕರೆದೊಯ್ಯುವುದು, ಮಕ್ಕಳನ್ನು ಶಾಲೆಯಿಂದ ಕರೆತರುವುದು, ಪ್ಲೇಟ್‌ಲೆಟ್ ಕೊಡುವುದು. ಫೋನ್ ಮಾಡಿದವರಿಗೆಲ್ಲ ಸುದ್ದಿ ಹೇಳುವ ಕೆಲಸ ಒಬ್ಬರೇ ವಹಿಸಿಕೊಳ್ಳಲಿ. ಒಂದೇ ಮಾತನ್ನು ಇಪ್ಪತ್ತು ಸಲ ಹೇಳುವಷ್ಟರಲ್ಲಿ ಮನಸ್ಸು ಸೋತುಹೋಗುತ್ತದೆ.

ಮುಂದೆ ಮಕ್ಕಳು ಬೇಕೆಂಬ ಆಸೆಯಿದ್ದರೆ ಅಂಡಾಣು, ವೀರ್ಯ ಕಾದಿರಿಸುವ ಬಗ್ಗೆ ಕೀಮೋ ಶುರುವಾಗುವ ಮುಂಚೆಯೇ ಕೇಳಬೇಕು. ಆಮೇಲೆ ಆ ಅವಕಾಶ ಬಹಳ ಸಲ ಸಿಗುವುದಿಲ್ಲ.

ದಾನಿ ಮನೆಯವರೇ ಆಗಿದ್ದರೆ ಇನ್ನೊಂದು ಮಾತು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಎಚ್‌ಎಲ್‌ಎ (ಕೋಶದ ಮೇಲಿನ ಹೊಂದಾಣಿಕೆಯ ಗುರುತು) ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದವರು ತಪ್ಪು ಮಾಡಿದವರಂತೆ ಕುಗ್ಗುತ್ತಾರೆ. ಹೊಂದಿದವರು ಕಸಿ ಸರಿಹೋಗದಿದ್ದರೆ ತಮ್ಮ ರಕ್ತದ್ದೇ ದೋಷ ಎಂದುಕೊಳ್ಳುತ್ತಾರೆ. ಕೊಡುವುದಷ್ಟೇ ನಿನ್ನ ಪಾಲು, ಮುಂದಿನದು ನಿನ್ನ ಕೈಯಲ್ಲಿಲ್ಲ ಎಂದು ಮೊದಲೇ ಬಾಯಿಬಿಟ್ಟು ಹೇಳಿ.

ಸೊನ್ನೆಯ ದಿನ

ಆಪರೇಷನ್ ಇರುವುದಿಲ್ಲ. ರಕ್ತ ಏರಿಸುವ ಹಾಗೆ ಒಂದು ಚೀಲ ತೂಗುಹಾಕುತ್ತಾರೆ. ಕೋಶಗಳು ರಕ್ತದಲ್ಲಿ ಹರಿದು ತಾವಾಗಿಯೇ ಮೂಳೆಯೊಳಗಿನ ಜಾಗ ಹುಡುಕಿಕೊಳ್ಳುತ್ತವೆ. ಇಷ್ಟೇನಾ ಎಂದು ಅನ್ನಿಸುವುದು ಸಹಜ. ಹೆಪ್ಪುಗಟ್ಟಿಸಿಟ್ಟ ಕೋಶವಾದರೆ ಅದರಲ್ಲಿನ ಸಂರಕ್ಷಕ ದ್ರವ ಉಸಿರಲ್ಲಿ ಹೊರಬರುತ್ತದೆ, ಕೋಣೆಯಲ್ಲಿ ಒಂದೆರಡು ದಿನ ಬೆಳ್ಳುಳ್ಳಿಯಂಥ ವಾಸನೆ. ಹೆದರಬೇಕಾದ್ದಿಲ್ಲ.

ಕಣಿವೆಯ ಎರಡು ವಾರ

ಬಹಳ ಜನ ಕುಸಿಯುವುದು ಪ್ಲಸ್ 5ರಿಂದ ಪ್ಲಸ್ 15ರ ಸುಮಾರಿಗೆ. ಬಾಯಿ ಹುಣ್ಣು, ಜ್ವರ, ಭೇದಿ. ರಿಪೋರ್ಟಿನಲ್ಲಿ ಬಿಳಿ ರಕ್ತಕಣ 0.1ಕ್ಕೂ ಕಡಿಮೆ (ಇದು ಸಾವಿರದ ಲೆಕ್ಕ, ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 100ಕ್ಕೂ ಕಡಿಮೆ). ಅದನ್ನು ಕಂಡು ಕಸಿ ಸೋತಿತೆಂದು ಮನೆಯವರು ಅಳುತ್ತಾರೆ. ಹಳೆ ಮಜ್ಜೆಯನ್ನು ಕೀಮೋ ಬೇಕೆಂದೇ ಬರಿದು ಮಾಡಿದೆ, ಹೊಸದು ಇನ್ನೂ ಬೇರೂರಿಲ್ಲ. ಆ ಅಂಕಿಯ ಅರ್ಥ ಇಷ್ಟೇ.

ಬಾಯಿಗೆ: ಒಂದು ಕಪ್ ಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು. ದಿನಕ್ಕೆ ಹಲವು ಸಲ ಮುಕ್ಕಳಿಸಿ, ಕೊನೆಗೆ ಬರಿ ನೀರಿನಲ್ಲಿ ತೊಳೆಯಿರಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಉರಿ ಹೆಚ್ಚುತ್ತದೆ. ಮೆಲ್ಫಲಾನ್ ಎಂಬ ಕೀಮೋ ಔಷಧ ಕೊಡುವುದಾದರೆ ಔಷಧ ಹನಿಯುವಾಗ ಐಸ್ ಚೀಪಬಹುದೇ ಎಂದು ಕೇಳಿ. ಬಾಯಿಯ ರಕ್ತನಾಳ ಕುಗ್ಗಿ ಹುಣ್ಣು ಕಡಿಮೆಯಾಗುತ್ತದೆ. ನುಂಗಲು ಆಗದಷ್ಟು ನೋವು ಬರುವವರೆಗೆ ಹಲ್ಲು ಕಚ್ಚಿ ಕೂರಬೇಡಿ. ಈ ಹಂತದಲ್ಲಿ ಮಾರ್ಫಿನ್ ಮಾಮೂಲು.

ಗೋಡೆಗೆ ಒಂದು ಹಾಳೆ ಅಂಟಿಸಿ ನಾಲ್ಕು ಕಂಬ ಎಳೆಯಿರಿ: ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ), ಪ್ಲೇಟ್‌ಲೆಟ್, ಜ್ವರ, ಇವತ್ತು ನಡೆದದ್ದೆಷ್ಟು. ಮೊದಲ ಮೂರು ಯಾರ ಕೈಯಲ್ಲೂ ಇಲ್ಲ. ನಾಲ್ಕನೆಯದು ರೋಗಿಯ ಕೈಯಲ್ಲಿದೆ, ಬಾಗಿಲವರೆಗೆ ಹೋಗಿ ಬಂದದ್ದೇ ಆದರೂ ಪೆನ್ನು ಅವರ ಕೈಗೇ ಕೊಟ್ಟು ಬರೆಸಿ.

ನ್ಯೂಟ್ರೋಫಿಲ್ ಸತತ ಮೂರು ದಿನ 500 ದಾಟಿದರೆ ಕಸಿ ಹಿಡಿಯಿತು ಎನ್ನುತ್ತಾರೆ. ಸಾಮಾನ್ಯವಾಗಿ ಇದಕ್ಕೆ 2ರಿಂದ 4 ವಾರ. ನಡುವೆ 300ಕ್ಕೆ ಏರಿ ಮರುದಿನ 200ಕ್ಕೆ ಇಳಿಯಬಹುದು. ಒಂದೊಂದು ದಿನದ ಅಂಕಿಗೆ ಹಿಗ್ಗಬೇಡಿ, ಕುಗ್ಗಬೇಡಿ. ಮೂರು ದಿನದ್ದನ್ನು ಅಕ್ಕಪಕ್ಕ ಇಟ್ಟು ನೋಡಿ.

ಮನೆಗೆ ಬಂದ ಮೇಲೆ

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಡುರಾತ್ರಿಯಾದರೂ ಕಸಿ ಕೇಂದ್ರಕ್ಕೆ ಫೋನ್ ಮಾಡಿ. ಅದಕ್ಕೂ ಮುಂಚೆ ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮರೆಯಾಗಿ ಸೋಂಕು ಒಳಗೇ ಬೆಳೆಯುತ್ತದೆ.

ದಾನಿಯ ಕೋಶಗಳು ಮೈಮೇಲೆ ದಾಳಿ ಮಾಡದಂತೆ ತಡೆಯುವ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಪರೀಕ್ಷಿಸುವ ದಿನ ಬೆಳಗಿನ ಮಾತ್ರೆಯನ್ನು ಜೊತೆಗೆ ಒಯ್ದು, ರಕ್ತ ಕೊಟ್ಟ ಮೇಲೆ ನುಂಗಿ. ರೂಢಿಯಂತೆ ಮೊದಲೇ ನುಂಗಿದರೆ ಮಟ್ಟ ಸುಳ್ಳಾಗಿ ಹೆಚ್ಚು ಕಾಣುತ್ತದೆ, ಡೋಸ್ ಇಳಿಸಿಬಿಡುವ ಅಪಾಯವಿದೆ. ಈ ಮಾತ್ರೆಗಳಿಗೆ ಗ್ರೇಪ್‌ಫ್ರೂಟ್ ಆಗದು. ಹೆಸರು ಕೇಳಿ ದ್ರಾಕ್ಷಿ ಎಂದುಕೊಳ್ಳುವವರಿದ್ದಾರೆ. ಅದು ಚಕ್ಕೋತದ ಬಳಗದ ಹಣ್ಣು, ಚಕ್ಕೋತವೂ ಬೇಡ.

ದಾನಿಯ ಕೋಶಗಳು ರೋಗಿಯ ಮೈಯನ್ನೇ ಪರಕೀಯವೆಂದು ತಿಳಿದು ದಾಳಿ ಮಾಡುವುದಕ್ಕೆ ಜಿವಿಎಚ್‌ಡಿ ಎಂದು ಹೆಸರು. ಅಂಗೈ, ಅಂಗಾಲು, ಕಿವಿಯ ಮೇಲೆ ಕೆಂಪು ಗಂದೆ, ನೀರಾದ ಭೇದಿ, ಹಳದಿ ಕಣ್ಣು ಕಂಡ ದಿನವೇ ತಿಳಿಸಿ. ತಿಂಗಳುಗಳ ನಂತರ ಕಣ್ಣು, ಬಾಯಿ ಒಣಗುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದೂ ಅದರ ಗುರುತೇ. ಮತ್ತೆ ಅಡ್ಮಿಟ್ ಮಾಡಿಕೊಂಡಾರು ಎಂಬ ಭಯಕ್ಕೆ ಮುಚ್ಚಿಟ್ಟು ಎರಡು ದಿನ ಕಳೆದವರು ಹೆಚ್ಚು ದಿನ ಆಸ್ಪತ್ರೆಯಲ್ಲಿ ಇರಬೇಕಾಗಬಹುದು.

ಮನಸ್ಸಿನ ಮಾತು. ಅಪಾಯ ದಾಟಿದೆ ಎಂದು ಎಲ್ಲರೂ ತಮ್ಮ ಕೆಲಸಕ್ಕೆ ಮರಳಿದಾಗ ರೋಗಿ ಒಂಟಿಯಾಗುತ್ತಾರೆ. ಆಯಾಸ ತಿಂಗಳುಗಟ್ಟಲೆ, ಕೆಲವರಿಗೆ ವರ್ಷ ದಾಟಿಯೂ ಉಳಿಯುತ್ತದೆ. ಅದು ಸೋಮಾರಿತನವಲ್ಲವೆಂದು ಮನೆಯವರಿಗೆ ತಿಳಿದಿರಬೇಕು. ನಿದ್ದೆ, ಮಾತು, ಆಸಕ್ತಿ ಎರಡು ವಾರವಾದರೂ ಮರಳದಿದ್ದರೆ ಕೌನ್ಸೆಲರ್ ಬೇಕೆಂದು ನೀವೇ ಕೇಳಿ. ನೋಡಿಕೊಳ್ಳುವವರಿಗೂ ಅದೇ ಮಾತು. ಇದೇ ಬಗೆಯ ಕಸಿಯಾಗಿ ಒಂದು ವರ್ಷ ಕಳೆದವರೊಬ್ಬರನ್ನು ಪರಿಚಯಿಸಲು ಕಸಿ ಕೇಂದ್ರದ ಸಂಯೋಜಕರನ್ನು ಕೇಳಿಕೊಳ್ಳಿ. ರುಚಿ ಮರಳಿದ್ದು ಯಾವಾಗ, ಕೆಲಸಕ್ಕೆ ಹೋದದ್ದು ಯಾವಾಗ ಎಂಬಂಥ ಪ್ರಶ್ನೆಗಳನ್ನು ಅವರಲ್ಲಿ ಕೇಳಬಹುದು.

ಬಾಲ್ಯದ ಲಸಿಕೆಗಳ ಬಲ ಬಹುಪಾಲು ಅಳಿಸಿಹೋಗಿರುತ್ತದೆ. ಸುಮಾರು 6 ತಿಂಗಳ ಬಳಿಕ ಮತ್ತೆ ಶುರು ಮಾಡುತ್ತಾರೆ. ದಡಾರದಂಥ ಜೀವಂತ ಲಸಿಕೆಗೆ ಕನಿಷ್ಠ 2 ವರ್ಷ ಕಾಯಬೇಕು.

ದಾನಿ ಅಪರಿಚಿತರಾದರೆ ದಾನಿಗಳ ಹೆಸರು ನೋಂದಾಯಿಸುವ ರಿಜಿಸ್ಟ್ರಿಯ ಮೂಲಕ ಅವರಿಗೆ ಪತ್ರ ಬರೆಯಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಹೆಸರು, ಊರು, ಆಸ್ಪತ್ರೆ ಯಾವುದೂ ಬರೆಯುವಂತಿಲ್ಲ. ಗೋಡೆಯ ಹಾಳೆಯ ನಾಲ್ಕನೇ ಕಂಬದಲ್ಲಿ ಇವತ್ತು ಏನಿದೆಯೋ ಅದನ್ನೇ ಬರೆಯಿರಿ: ಇಂದು ಇಷ್ಟು ದೂರ ನಡೆದೆ.