ಕಿರ್ದಿ ಬೇರೆ, ಖಾತೆ ಬೇರೆ

ಶರಣಬಸವೇಶ್ವರ ಜಾತ್ರ್ಯಾಗ ತೇರಿನ ದಿನ ಕಂಡದ್ದನ್ನು ಬರೆದು ಆರು ವಾಟ್ಸಾಪ್ ಸ್ಟೇಟಸ್ ಹಾಕಿದ್ದೆ. ಎರಡು ದಿನ ಬಿಟ್ಟು ಹುಡುಕಿದರೆ ಒಂದೂ ಇಲ್ಲ. ಸ್ಟೇಟಸ್ಸಿನ ಆಯುಷ್ಯ 24 ತಾಸು ಅಂತ ಗೊತ್ತಿದ್ದೂ ಹೊಟ್ಟೆ ಉರಿಯಿತು ನೋಡ್ರಿ.

ಕಲಬುರಗಿ ಗಂಜಿನ, ಅಂದರೆ ಧಾನ್ಯದ ಪೇಟೆಯ, ಅಡತಿ ಅಂಗಡಿಯಲ್ಲಿ ತೊಗರಿ ಲೆಕ್ಕ ಬರೆಯುವವಳು ನಾನು. ಅಲ್ಲಿ ಕಿರ್ದಿ, ಅಂದರೆ ದಿನದ ವ್ಯವಹಾರದ ಪುಸ್ತಕ, ದಿನವೂ ಬರೆಯಬೇಕು; ಅದನ್ನು ಆಮೇಲೆ ಖಾತೆಗೆ, ಅಂದರೆ ಹೆಸರುವಾರು ಲೆಕ್ಕದ ಪುಸ್ತಕಕ್ಕೆ, ಏರಿಸಬೇಕು. ನನ್ನ ಬರವಣಿಗೆಗೂ ಅದೇ ಪದ್ಧತಿ ಹಚ್ಚಿದೆ.

ಕಿರ್ದಿಗೆ ವಾಟ್ಸಾಪೇ ಸಾಕು. ನಿಮ್ಮದೇ ನಂಬರಿಗೆ ಮೆಸೇಜ್ ಕಳಿಸಿಕೊಳ್ಳಬಹುದು. ಆ ಚಾಟನ್ನು ಮೇಲೆ ಪಿನ್ ಮಾಡಿ. ಕಂಡದ್ದು, ಕೇಳಿದ್ದು ಎರಡೇ ಸಾಲು, ಊರಿನ ಹೆಸರು ಸಮೇತ. ಆಳಂದದ ಬಸ್ಸಿನಲ್ಲಿ ಟೈಪ್ ಮಾಡಲಿಕ್ಕೆ ಆಗದಿದ್ದರೆ ಕೀಬೋರ್ಡನ್ನು ಕನ್ನಡಕ್ಕೆ ತಿರುಗಿಸಿ ಮೈಕ್ ಒತ್ತಿ ಮಾತಾಡಿ. ನಮ್ಮ ‘ಮಾಡ್ಲಿಕತ್ತೀನಿ’ ಅದಕ್ಕೆ ತಿಳಿಯೋದಿಲ್ಲ, ಏನೇನೋ ಬರೀತದ. ಬರೀಲಿ, ತಿದ್ದುತ್ತ ಕೂತರೆ ರೀಲ್ಸ್‌ಗೆ ಜಾರುತ್ತೀರಿ.

ಖಾತೆ ರವಿವಾರ. ಮುಂಜಾನೆ ಡೇಟಾ ಬಂದ್ ಮಾಡಿ, ವಾರದ ಸಾಲುಗಳಲ್ಲಿ ಒಂದನ್ನೇ ಆರಿಸಿ ಒಂದು ಪುಟಕ್ಕೆ ಬೆಳೆಸಿ. ಕಂಪ್ಯೂಟರಿನಲ್ಲಿ ಬರೆಯುವವರು ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದ ನನ್ನ ಇಪ್ಪತ್ತು ಪುಟ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರದ ಕಸವಾಗಿ ಕಂಡವು. ಯೂನಿಕೋಡಿಗೆ ಬದಲಿಸುವ ಕನ್ವರ್ಟರಿಗೆ ಹಾಕಿದ ಮೇಲೂ ಒತ್ತಕ್ಷರ ಒಂದೊಂದಾಗಿ ಸರಿಮಾಡಬೇಕಾಯಿತು.

ಮಂದಿಗೆ ತೋರಿಸುವ ಆಸೆ ಇದ್ದರೆ ಆ ಪುಟದಿಂದ ಎರಡು ಸಾಲು ಸ್ಟೇಟಸ್ಸಿಗೆ ಹಾಕಿ. ಜನವರಿಯಲ್ಲಿ ಗಂಜಿಗೆ ತೊಗರಿ ಬಂತೆಂದರೆ ಕೆಲಸ ಏರಿ ನನ್ನ ರವಿವಾರದ ಖಾತೆ ತಿಂಗಳುಗಟ್ಟಲೆ ಖಾಲಿ. ಕಿರ್ದಿ ಮಾತ್ರ ನಿಲ್ಲಿಸೋದಿಲ್ಲ.