ಇಂಗ್ಲಿಷ್ ಕಲಿಸಲು ಹೊರದೇಶಕ್ಕೆ: ಅರ್ಜಿ ಆಮೇಲೆ, ಕಾಗದ ಮೊದಲು

ಡಿಗ್ರಿ ಮುಗಿದ ವರ್ಷ ಡೊಂಬಿವಲಿಯ ಮನೆಯಲ್ಲಿ ಕೂತು ಕಂಡ ಕಂಡ ಶಾಲೆಗಳಿಗೆಲ್ಲ ಅರ್ಜಿ ಕಳಿಸಿದ್ದೆ. ಥಾಯ್ಲೆಂಡ್‌ನ ಒಂದು ಶಾಲೆ ಕೆಲಸ ಕೊಟ್ಟೇಬಿಟ್ಟಿತು. ಆದರೆ ಹೋಗಲು ಆಗಲಿಲ್ಲ. ಮಾರ್ಕ್ಸ್‌ಶೀಟ್‌ನಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ಅಡ್ಡಹೆಸರು ಮೊದಲು, ನನ್ನ ಹೆಸರು ನಡುವೆ, ಅಪ್ಪನದು ಕೊನೆಗೆ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಸೇರಿರಲಿಲ್ಲ. ಊರಲ್ಲಿ ಮಾಡಿಸಿದ ಜನನ ಪತ್ರದಲ್ಲಿ ಬರೀ ಇನಿಶಿಯಲ್. ಈ ಮೂವರೂ ನಾನೇ ಎಂದು ತೋರಿಸುವಷ್ಟರಲ್ಲಿ ಅಲ್ಲಿ ಸೆಮಿಸ್ಟರ್ ಶುರುವಾಗಿ ಹೋಗಿತ್ತು. ಅದಕ್ಕೇ ಈ ಲೇಖನದಲ್ಲಿ ಅರ್ಜಿಯ ಮಾತು ಕೊನೆಗೆ ಬರುತ್ತದೆ.

ಯಾವ ದೇಶ?

ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಅವರು ಮೊದಲು ನೋಡುವುದು ಪಾಸ್‌ಪೋರ್ಟ್. ದಕ್ಷಿಣ ಕೊರಿಯಾ ಇಂಗ್ಲಿಷ್ ಶಿಕ್ಷಕರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದ ನಮಗೂ ಒಂದು ಸಣ್ಣ ಸಂದು ಬಿಟ್ಟಿದೆ. ಆದರೆ ಅದು ಶಿಕ್ಷಕರ ಅರ್ಹತೆ ಇರುವವರಿಗೆ, ಬರೀ ಬಿ.ಎ., ಬಿ.ಕಾಂ. ಆದವರಿಗಲ್ಲ. ಜಪಾನ್‌ಗೆ ಹೋಗಬೇಕಾದರೆ ಇಂಗ್ಲಿಷ್ ಮನೆಮಾತಲ್ಲದವರು 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು. ಏಳನೇ ಕ್ಲಾಸಿನವರೆಗೆ ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವರ ಲೆಕ್ಕ ಅಲ್ಲೇ ತಪ್ಪುತ್ತದೆ. ಗಲ್ಫ್‌ನ ಶಾಲೆಗಳು ಸಾಮಾನ್ಯವಾಗಿ ಬಿ.ಎಡ್. ಜೊತೆಗೆ ಎರಡು ವರ್ಷದ ಅನುಭವ ಕೇಳುತ್ತವೆ.

ಹೊಸದಾಗಿ ಡಿಗ್ರಿ ಮುಗಿಸಿದವರಿಗೆ ಹತ್ತಿರದ ದಾರಿ ಥಾಯ್ಲೆಂಡ್ ಅಥವಾ ವಿಯೆಟ್ನಾಂ. ಎರಡೂ ಕಡೆ ಡಿಗ್ರಿ, ಪೊಲೀಸ್ ಕ್ಲಿಯರೆನ್ಸ್ ಬೇಕು. ವಿಯೆಟ್ನಾಂಗೆ ಕಲಿಸುವ ತರಬೇತಿಯ ಸರ್ಟಿಫಿಕೇಟ್ ಕೂಡ ಬೇಕು. ಥಾಯ್ಲೆಂಡ್‌ನಲ್ಲಿ ನಮ್ಮಂಥವರಿಗೆ ಇಂಗ್ಲಿಷ್ ಪರೀಕ್ಷೆಯ ಅಂಕವನ್ನೂ ಕೇಳುತ್ತಾರೆ: ಐಇಎಲ್‌ಟಿಎಸ್‌ನಲ್ಲಿ 5.5 ಅಥವಾ ಟೋಯಿಕ್‌ನಲ್ಲಿ 600. ಶಿಕ್ಷಕರಿಗೆ ಪರವಾನಗಿ ಕೊಡುವ ಅಲ್ಲಿನ ಸಂಸ್ಥೆಯ ಹೆಸರು ಖುರುಸಫಾ. ಬಿಡಿಸಿ ಓದಿದರೆ ನಮ್ಮ ಗುರುಸಭೆಯೇ! ಬಿ.ಎಡ್. ಇಲ್ಲದವರಿಗೆ ಅದು ತಾತ್ಕಾಲಿಕ ಅನುಮತಿ ಕೊಡುತ್ತದೆ.

ಕಾಗದದ ಸಾಲು

ಪಾಸ್‌ಪೋರ್ಟ್, ಎಸ್ಸೆಸ್ಸಿ ಮಾರ್ಕ್ಸ್‌ಶೀಟ್, ಡಿಗ್ರಿ, ಮೂರನ್ನೂ ಮೇಜಿನ ಮೇಲೆ ಹರಡಿ. ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಸಣ್ಣ ವ್ಯತ್ಯಾಸಕ್ಕೆ ನೋಟರಿ ಅಫಿಡವಿಟ್ ಸಾಕಾಗಬಹುದು. ಹೆಸರೇ ಬೇರೆಯಾಗಿದ್ದರೆ ರಾಜ್ಯ ಗೆಜೆಟ್‌ನಲ್ಲಿ ಪ್ರಕಟಿಸಿ, ಪಾಸ್‌ಪೋರ್ಟ್ ತಿದ್ದಿಸಬೇಕು.

ಪ್ರೊವಿಷನಲ್ ಸರ್ಟಿಫಿಕೇಟ್ ನಂಬಿ ಕೂರಬೇಡಿ. ಹೆಚ್ಚಿನ ಕಡೆ ಘಟಿಕೋತ್ಸವದ ನಂತರ ಸಿಗುವ ಅಸಲಿ ಡಿಗ್ರಿಯೇ ಬೇಕು. ಆ ಡಿಗ್ರಿಯ ಮೇಲೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ ಆಗಬೇಕು. ಎಲ್ಲರೂ ಇದನ್ನು ಎಚ್‌ಆರ್‌ಡಿ ಅಟೆಸ್ಟೇಶನ್ ಅನ್ನುತ್ತಾರೆ. ಇಲ್ಲೇ ನಮ್ಮವರು ಎಡವುವುದು. ಡಿಗ್ರಿ ಯಾವ ರಾಜ್ಯದ್ದೋ ಆ ರಾಜ್ಯವೇ ಮುದ್ರೆ ಹಾಕಬೇಕು. ಧಾರವಾಡದಲ್ಲಿ ಓದಿ ಈಗ ಪುಣೆಯಲ್ಲೋ ವಾಸ್ಕೋದಲ್ಲೋ ಇದ್ದರೆ ಕರ್ನಾಟಕ ಸರ್ಕಾರದ ಮುದ್ರೆಯೇ ಬೇಕು. ಮುಂಬೈನ ಮುದ್ರೆ ಕೆಲಸಕ್ಕೆ ಬಾರದು.

ಆಮೇಲೆ ವಿದೇಶಾಂಗ ಇಲಾಖೆಯ ಸರದಿ. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ, ಅಂದರೆ ಒಂದು ದೇಶ ಹಾಕಿದ ದೃಢೀಕರಣವನ್ನು ಒಪ್ಪಂದದ ಬೇರೆ ದೇಶಗಳೂ ಒಪ್ಪುತ್ತವೆ. ಹಾಗಾಗಿ ಜಪಾನ್, ಕೊರಿಯಾ, ಒಮಾನ್‌ಗೆ ಅಪೊಸ್ಟಿಲ್ ಸ್ಟಿಕರ್ ಸಾಕು. ಯುಎಇಗೆ ಹೋಗುವವರಿಗೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಪೊಲೀಸ್ ಕ್ಲಿಯರೆನ್ಸನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ತುಂಬಾ ಹಳೆಯದಾದರೆ ಒಪ್ಪುವುದಿಲ್ಲ. ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲೇ ಅರ್ಜಿ, ಶುಲ್ಕ 500 ರೂಪಾಯಿ.

ಕಲಿಸಿ ಕಲಿಯಿರಿ

ಇಂಗ್ಲಿಷ್ ಕಲಿಸುವುದನ್ನು ಹೇಳಿಕೊಡುವ ಕೇಂಬ್ರಿಜ್‌ನ ಸೆಲ್ಟಾ ಕೋರ್ಸಿಗೆ ಎಲ್ಲ ಕಡೆ ಬೆಲೆ ಇದೆ. ಸುಮಾರು 120 ಗಂಟೆಯ ಕೋರ್ಸ್, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು. ದುಬಾರಿ, ನಿಜ. ಆದರೆ ಬರೀ ವಿಡಿಯೋ ನೋಡಿಸಿ ಸರ್ಟಿಫಿಕೇಟ್ ಕೊಡುವ ಅಗ್ಗದ ಕೋರ್ಸುಗಳ ಮೇಲೆ ನನಗೆ ನಂಬಿಕೆ ಇಲ್ಲ.

ದುಡ್ಡಿಲ್ಲದೆ ಸಿಗುವ ತರಬೇತಿಯೂ ಇದೆ. ಮುಂಬೈನ ನಮ್ಮವರ ಹೋಟೆಲುಗಳಲ್ಲಿ ಹಗಲು ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಓದಿ ಪಾಸಾದವರ ಕತೆ ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ ಅಲ್ವಾ? ಈಗಲೂ ಹೋಟೆಲ್ ಹುಡುಗರಿಗೆ ಇಂಗ್ಲಿಷ್ ಬೇಕು. ಹತ್ತಿರದ ಹೋಟೆಲ್ ಮಾಲೀಕರನ್ನೋ ಕನ್ನಡ ಸಂಘದವರನ್ನೋ ಕೇಳಿ, ಮೂರು ತಿಂಗಳು ವಾರಕ್ಕೆರಡು ಕ್ಲಾಸ್ ತೆಗೆದುಕೊಳ್ಳಿ. ಕೊನೆಗೆ ಅವರಿಂದ ಒಂದು ಪತ್ರ ಬರೆಸಿಕೊಳ್ಳಿ.

ಕೆಲಸ ಕೊಡುವ ಮುಂಚೆ ಶಾಲೆಯವರು ಮಾಡಿಸಿ ನೋಡುವ ಡೆಮೊ ಪಾಠದಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ನನ್ನ ಮೊದಲ ಡೆಮೊದಲ್ಲಿ ಹದಿನೈದು ನಿಮಿಷವೂ ನಾನೇ ಮಾತಾಡಿದ್ದೆ, ನಮ್ಮ ಮೇಷ್ಟ್ರುಗಳ ಹಾಗೆ. ಅವರು ನೋಡುವುದು ಮಕ್ಕಳು ಎಷ್ಟು ಮಾತಾಡಿದರು ಎಂದು. ಉಚ್ಚಾರಣೆಗೂ ಕಿವಿ ಕೊಡಿ. ನಾವು ‘ಎಗ್’ ಅನ್ನು ‘ಯೆಗ್ಗು’ ಮಾಡುತ್ತೇವೆ, ‘ಬಸ್’ ಅನ್ನು ‘ಬಸ್ಸು’. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ತಾನೇ ಗೊತ್ತಾಗುತ್ತದೆ. ಹಾಗಂತ ವಿದೇಶಿ ಧಾಟಿ ಬೇಡ, ಸುಮ್ನೆ ನಗೆಪಾಟಲು. ಇನ್ನೊಂದು ಮಾತು. ‘ಎ’, ‘ದಿ’ ಅನ್ನುವ ಕಾಟ ಕನ್ನಡದಲ್ಲೂ ಇಲ್ಲ, ಥಾಯ್‌ನಲ್ಲೂ ಇಲ್ಲ. ಮಗು ಎಲ್ಲಿ ಒದ್ದಾಡುತ್ತದೆ ಎಂದು ಲಂಡನ್‌ನವರಿಗಿಂತ ನಮಗೆ ಬೇಗ ಹೊಳೆಯುತ್ತದೆ. ಇಂಟರ್‌ವ್ಯೂನಲ್ಲಿ ಇದನ್ನು ಹೇಳಿ.

ಈಗ ಅರ್ಜಿ

ಥಾಯ್ ಶಾಲೆಗಳು ಮೇ ಮಧ್ಯದಲ್ಲಿ ಶುರುವಾಗುತ್ತವೆ, ಎರಡನೇ ಸೆಮಿಸ್ಟರ್ ನವೆಂಬರ್ ಹೊತ್ತಿಗೆ. ಎರಡು ಮೂರು ತಿಂಗಳು ಮುಂಚೆ ಅರ್ಜಿ ಹಾಕಿ. ಏಜೆಂಟರ ಮೂಲಕ ಹೋಗುವುದಾದರೆ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಹೆಸರು ನೋಡಿ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಅಸಲಿ ಡಿಗ್ರಿಯನ್ನು ಅವರ ಕಪಾಟಿನಲ್ಲಿ ಇಡಲು ಕೊಡಬೇಡಿ. “ಟೂರಿಸ್ಟ್ ಆಗಿ ಬನ್ನಿ, ಆಮೇಲೆ ನೋಡೋಣ” ಅಂದರೆ ಅಲ್ಲಿಗೇ ಕೈಮುಗಿಯಿರಿ. ಥಾಯ್ಲೆಂಡ್‌ನಲ್ಲಿ ಕೆಲಸಕ್ಕೆ ನಾನ್-ಇಮಿಗ್ರೆಂಟ್ ಬಿ ವೀಸಾ ಬೇಕು, ಅದರ ಮೇಲೆ ವರ್ಕ್ ಪರ್ಮಿಟ್.

ಕರಾರಿನಲ್ಲಿ ಸಂಬಳಕ್ಕಿಂತ ಮೊದಲು ತಿಂಗಳು ಎಣಿಸಿ. ಹತ್ತು ತಿಂಗಳೋ, ಹನ್ನೆರಡೋ? ಕೊನೆಗೂ ಕೆಲಸ ಸಿಕ್ಕಿ ಹೋದಾಗ ನಾನು ಎಣಿಸಿರಲಿಲ್ಲ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು, ಸಂಬಳವೂ ನಿಂತಿತು. ಎರಡು ತಿಂಗಳು ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿ, ಮಾವಿನಮಿಡಿ ಉಪ್ಪಿನಕಾಯಿಯಲ್ಲೇ ಕಳೆಯಿತು.