66 ಬೇಸ್ ಜಾಸ್ತಿ ಬಂತು: ಮೊಸರಿನ ಬ್ಯಾಕ್ಟೀರಿಯಾ, ಫೇಜ್ ಮತ್ತು ನನ್ನ ಅನುಭವ

"ಕ್ರಿಸ್ಪರ್‌ಗೆಲ್ಲ ದೊಡ್ಡ ಸಂಸ್ಥೆ ಬೇಕಮ್ಮ, ಸುಮ್ನೆ ದುಡ್ಡು ಹಾಳು" ಅಂತ ಹಿರಿಯರೊಬ್ಬರು ಹೇಳಿದ್ದರು. ಕ್ರಿಸ್ಪರ್ ಅಂದರೆ ಬ್ಯಾಕ್ಟೀರಿಯಾದ ರಕ್ಷಣೆ: ದಾಳಿ ಮಾಡಿದ ಫೇಜ್‌ನ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಡಿಎನ್‌ಎ ತುಣುಕನ್ನು ತನ್ನ ಡಿಎನ್‌ಎಯಲ್ಲಿ ಸೇರಿಸಿಟ್ಟುಕೊಂಡು, ಅದು ಮತ್ತೆ ಬಂದಾಗ ಗುರುತು ಹಿಡಿದು ಕತ್ತರಿಸುವುದು. ಹಾಗೆ ತುಣುಕು ಸೇರುವುದನ್ನು ನೋಡುವ ಆಸೆ ನನ್ನದು. ಕಾಲೇಜಿನ ನಮ್ಮ ಚಿಕ್ಕ ಲ್ಯಾಬ್‌ನಲ್ಲೇ ಆಯಿತು. ಡಿಎನ್‌ಎ ತುಣುಕುಗಳ ಉದ್ದ ತೋರಿಸುವ ಜೆಲ್‌ನ ಫೋಟೋ ಮೊದಲು ಕಳಿಸಿದ್ದು ಅವರಿಗೇ.

ನಾನು ಆರಿಸಿಕೊಂಡದ್ದು ಮೊಸರಿನ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್. 2007ರಲ್ಲಿ ಡ್ಯಾನಿಸ್ಕೊ ಕಂಪನಿಯವರು ಕ್ರಿಸ್ಪರ್ ರಕ್ಷಣೆಯನ್ನು ಮೊದಲು ತೋರಿಸಿದ್ದೂ ಇದರಲ್ಲೇ. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಇ. ಕೋಲೈ ಕೆ-12 ಬ್ಯಾಕ್ಟೀರಿಯಾ ಬೇಡ ಅಂದುಕೊಂಡೆ. ಅದರಲ್ಲಿ ಎಚ್-ಎನ್‌ಎಸ್ ಪ್ರೋಟೀನ್ ಕ್ರಿಸ್ಪರನ್ನು ಅದುಮಿಟ್ಟಿರುತ್ತದೆ. ಫೇಜ್ ಸಿಕ್ಕಿದ್ದು ಹೆಪ್ಪಾಗದೆ ಕೆಟ್ಟ ಮೊಸರಿನ ತಿಳಿನೀರಿನಲ್ಲಿ. ಬೆಳೆಸಿದ್ದು ಎಂ17 ಎಂಬ ಪೋಷಕ ದ್ರವದಲ್ಲಿ, ಲ್ಯಾಕ್ಟೋಸ್, ಕ್ಯಾಲ್ಸಿಯಂ ಸೇರಿಸಿ, 42 ಡಿಗ್ರಿಯಲ್ಲಿ.

ಕಾಡಿದ್ದು ಮೋಸದ ಕಾಲನಿಗಳು. ಫೇಜ್ ಹಾಕಿದರೂ ಬದುಕುತ್ತವೆ, ಆದರೆ ಕ್ರಿಸ್ಪರ್ ಭಾಗವನ್ನು ಪಿಸಿಆರ್‌ನಲ್ಲಿ ನಕಲು ಮಾಡಿ ಜೆಲ್‌ನಲ್ಲಿ ನೋಡಿದರೆ ಬ್ಯಾಂಡ್ ಹಳೇ ಜಾಗದಲ್ಲೇ, ಅಂದರೆ ಹೊಸ ತುಣುಕು ಸೇರಿಲ್ಲ! ಫೇಜ್ ಅಂಟಿಕೊಳ್ಳುವ ಜಾಗವನ್ನೇ ಬದಲಿಸಿಕೊಂಡ ಮ್ಯೂಟೆಂಟ್‌ಗಳು ಅವು. ಖರ್ಚು ಸುಮಾರು 25 ಸಾವಿರ, ಅದರಲ್ಲಿ ಅರ್ಧ ಇವುಗಳ ಹಿಂದೆಯೇ ಹೋಯಿತು. ಆಮೇಲೆ ಕಾಲನಿಗಳನ್ನು ಬೆಳೆಸಿದ ಟ್ಯೂಬ್‌ಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದೆ. ಅಂಥವು ಹೆಚ್ಚಾಗಿ ತಳಕ್ಕಿಳಿದು ಕೂರುತ್ತಿದ್ದವು, ಮೇಲೆ ದ್ರವ ತಿಳಿ. ಸಮನಾಗಿ ಕದಡಿದವನ್ನು ಮಾತ್ರ ಆರಿಸಿದೆ. ಪಿಸಿಆರ್ ಖರ್ಚು ತಟ್ಟನೆ ಇಳಿಯಿತು.

ಒಂದು ದಿನ ಬ್ಯಾಂಡ್ ಸ್ವಲ್ಪ ಮೇಲೆ ನಿಂತಿತು. ಕ್ರಿಸ್ಪರ್ ಸಾಲಿನಲ್ಲಿ ಮತ್ತೆ ಮತ್ತೆ ಬರುವ ರಿಪೀಟ್ 36 ಬೇಸ್ (ಡಿಎನ್‌ಎಯ ಅಕ್ಷರ), ಅವುಗಳ ನಡುವೆ ಸೇರುವ ಹೊಸ ತುಣುಕು, ಅಂದರೆ ಸ್ಪೇಸರ್, 30 ಬೇಸ್, ಒಟ್ಟು 66 ಜಾಸ್ತಿ. ಸೀಕ್ವೆನ್ಸ್ ಮಾಡಿಸಿದರೆ ಆ 30 ಬೇಸ್ ಫೇಜ್‌ನದೇ. ಫೇಜ್ ಜಿನೋಮ್‌ನಲ್ಲಿ ಅದರ ಪಕ್ಕ ಎರಡು ಬೇಸ್ ಬಿಟ್ಟು ಎಜಿಎಎ ಇತ್ತು. ಡಿಎನ್‌ಎ ಕತ್ತರಿಸುವ ಪ್ರೋಟೀನ್ ಕ್ಯಾಸ್9 ಈ ಗುರುತು ಕಂಡರೇ ಕತ್ತರಿಸುವುದು. ಬ್ಯಾಕ್ಟೀರಿಯಾದ ಸ್ವಂತ ಸಾಲಿನಲ್ಲಿ ಸ್ಪೇಸರ್ ಪಕ್ಕ ಈ ಗುರುತಿಲ್ಲ, ಅದಕ್ಕೇ ತನ್ನ ಡಿಎನ್‌ಎಯನ್ನು ತಾನೇ ಕಡಿದುಕೊಳ್ಳುವುದಿಲ್ಲ. ಎಂಥ ಅಚ್ಚುಕಟ್ಟು, ಅಲ್ವಾ?

ಮಧ್ಯೆ ಇನ್ನೊಂದು ಆಸೆ. ಯುವಿ ಬೆಳಕಿನಲ್ಲಿ ಕೆಡಿಸಿದ ಫೇಜ್ ಬೆರೆಸಿದರೆ ಸ್ಪೇಸರ್ ಸೇರುವುದು ಹೆಚ್ಚುತ್ತದೆ ಎಂದು ಕೆನಡಾದ ತಂಡ 2014ರಲ್ಲಿ ತೋರಿಸಿತ್ತು. ನಾನೂ ಬೆರೆಸಿದೆ. ನಿಜವಾದ ಕಾಲನಿಗಳು ಮೂರ್ನಾಲ್ಕು ಪಟ್ಟಾದವು. ಎಷ್ಟು ಹೊತ್ತು ಯುವಿ, ಎಷ್ಟಕ್ಕೆ ಎಷ್ಟು ಫೇಜ್ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಫೇಜ್ ಸುಮ್ಮನಿರಲಿಲ್ಲ. ಅದನ್ನೇ ಮತ್ತೆ ಹಾಕಿದಾಗ ಅಲ್ಲೊಂದು ಇಲ್ಲೊಂದು ಪ್ಲೇಕ್ (ಫೇಜ್ ಬ್ಯಾಕ್ಟೀರಿಯಾವನ್ನು ಕೊಂದ ತಿಳಿ ಚುಕ್ಕೆ) ಬಂತು. ಎಜಿಎಎಯಲ್ಲಿ ಒಂದೇ ಬೇಸ್ ಬದಲಾಗಿತ್ತು, ಅಷ್ಟೇ. ಈ ತಪ್ಪಿಸಿಕೊಂಡ ಫೇಜನ್ನೇ ಹಾಕಿ ಎರಡನೇ ಸ್ಪೇಸರ್ ಗಳಿಸಿದೆ. ಆಮೇಲೆ ಎರಡು ಫೇಜ್‌ಗಳಿಗೂ ಪ್ಲೇಕ್ ಬಂದಿಲ್ಲ. ಈಗ ಮೂರನೆಯದಕ್ಕೆ ಕೂತಿದ್ದೇನೆ.